ಸವಾರನಿಗೆ ತಕ್ಕ ಮೋಟಾರ್ ಸೈಕಲ್ಲು

ಅಷ್ಟು ದೊಡ್ಡ ಹೊಟ್ಟೆಯ ಗಣಪತಿಗೆ ಅಷ್ಟು ಸಣ್ಣ ಇಲಿಯು ಹೇಗೆ ವಾಹನವಾಯಿತೆಂದು ಮಕ್ಕಳು ಕೇಳದ ಮನೆಯಿಲ್ಲ. ಪೌರಾಣಿಕರು ಇದಕ್ಕೆ ಬಗೆಬಗೆಯ ಸಮಾಧಾನಗಳನ್ನು ಹೇಳುವುದುಂಟು. ನಮಗೆ ತೋರುವ ಸಮಾಧಾನ ಇಷ್ಟೇ: ದೇವತೆಗಳಿಗೆ ಭಾರದ ಲೆಕ್ಕವಿಲ್ಲ, ಕಾಲಿನ ಉದ್ದದ ಲೆಕ್ಕವಿಲ್ಲ, ಪೆಟ್ರೋಲಿನ ಲೆಕ್ಕವಂತೂ ಮೊದಲೇ ಇಲ್ಲ. ಮನುಷ್ಯರಾದ ನಮಗೆ ಈ ಮೂರು ಲೆಕ್ಕಗಳೂ ಉಂಟು. ಆದುದರಿಂದ ವಾಹನವನ್ನು ಆರಿಸುವಲ್ಲಿ ನಾವು ದೇವತೆಗಳಿಗಿಂತ ಹೆಚ್ಚು ಜಾಗರೂಕರಾಗಿರಬೇಕಾಗಿದೆ.

ಮಧ್ಯಮ ತರಗತಿಯ ಗೃಹಸ್ಥರ ಮನೆಗಳಲ್ಲಿ ಮಗನೋ ಮಗಳೋ ವ್ಯಾಸಂಗವನ್ನು ಮುಗಿಸಿ ಉದ್ಯೋಗಕ್ಕೆ ಸೇರಿದೊಡನೆ ಏಳುವ ಮೊದಲನೆಯ ಚರ್ಚೆಯು ಮೋಟಾರ್ ಸೈಕಲ್ಲಿನದು. ಮಗನು ಅದರ ರೂಪವನ್ನೂ ವೇಗವನ್ನೂ ವರ್ಣಿಸುತ್ತಾನೆ. ತಂದೆಯು ಬೆಲೆಯೆಷ್ಟು, ಮೈಲೇಜು ಎಷ್ಟು ಎಂದು ವಿಚಾರಿಸುತ್ತಾನೆ. ತಾಯಿಯು ಇವೆರಡನ್ನೂ ಕೇಳದೆ, ಸಂಜೆ ದೀಪ ಹಚ್ಚುವ ಹೊತ್ತಿಗೆ ಮಗನು ಕ್ಷೇಮವಾಗಿ ಮನೆ ಸೇರಿದರೆ ಸಾಕೆಂದು ಮನಸ್ಸಿನಲ್ಲಿಯೇ ಬೇಡಿಕೊಳ್ಳುತ್ತಾಳೆ. ಮೂವರ ಅಪೇಕ್ಷೆಯೂ ನ್ಯಾಯವಾದುದೇ. ಆದರೆ ಬಹುಮಟ್ಟಿಗೆ ಇವರು ಒಟ್ಟಿಗೆ ಕುಳಿತು ಆಲೋಚಿಸುವುದಿಲ್ಲ. ಯಾರ ಹಟವು ಗೆಲ್ಲುವುದೋ ಅವರ ಗಾಡಿ ಮನೆಗೆ ಬರುತ್ತದೆ. ಮೂವರಿಗೂ ಒಪ್ಪಿಗೆಯಾಗುವಂತೆ ಆರಿಸುವ ಕ್ರಮವೊಂದಿದೆಯೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಇದು ಕೇವಲ ಹಣದ ಅಥವಾ ಷೋಕಿಯ ವಿಷಯವೆಂದು ಯಾರೂ ಭಾವಿಸಬಾರದು. ೨೦೨೨ನೆಯ ಒಂದೇ ವರ್ಷದಲ್ಲಿ ಭಾರತದ ರಸ್ತೆಗಳಲ್ಲಿ ಅಪಘಾತದಿಂದ ಮಡಿದವರು ೧,೬೮,೪೯೧ ಮಂದಿಯೆಂದು ಕೇಂದ್ರ ಸರ್ಕಾರದ ಸಾರಿಗೆ ಸಚಿವಾಲಯದ ವರದಿಯಿಂದ ತಿಳಿಯುತ್ತದೆ. ಅವರಲ್ಲಿ ನೂರಕ್ಕೆ ನಲವತ್ತನಾಲ್ಕು ಮಂದಿಗೂ ಮೇಲ್ಪಟ್ಟು ದ್ವಿಚಕ್ರ ವಾಹನಗಳ ಮೇಲೆ ಹೋಗುತ್ತಿದ್ದವರು. ಇಷ್ಟಕ್ಕೆಲ್ಲ ಗಾಡಿಯ ಆಯ್ಕೆಯೇ ಕಾರಣವೆಂದು ಹೇಳಲಾಗದು; ಕೆಟ್ಟ ರಸ್ತೆ, ಕತ್ತಲೆ, ಅವಸರ, ಮದ್ಯಪಾನ, ಪರರ ಅಜಾಗರೂಕತೆ, ಹೀಗೆ ಕಾರಣಗಳು ಅನೇಕ. ಆದರೂ ಇವುಗಳಲ್ಲಿ ಬಹಳಷ್ಟು ನಮ್ಮ ಕೈಯಲ್ಲಿಲ್ಲ. ತನ್ನ ಅಳತೆಗೆ ಮೀರಿದ ಗಾಡಿಯನ್ನು ಕೊಳ್ಳದಿರುವುದು ಮಾತ್ರ ಸಂಪೂರ್ಣವಾಗಿ ನಮ್ಮ ಕೈಯಲ್ಲಿದೆ.

ಹಿಂದಿನ ಸಂಗತಿ

ಮೋಟಾರ್ ಸೈಕಲ್ಲಿನ ಜನ್ಮಭೂಮಿ ಜರ್ಮನಿ. ೧೮೮೫ರಲ್ಲಿ ಗಾಟ್ಲೀಬ್ ಡೈಮ್ಲರ್ ಮತ್ತು ವಿಲ್‌ಹೆಲ್ಮ್ ಮೇಬಾಕ್ ಎಂಬ ಇಬ್ಬರು ತಮ್ಮ ಹೊಸ ಎಂಜಿನ್ನನ್ನು ಪರೀಕ್ಷಿಸುವುದಕ್ಕಾಗಿ ಮರದ ಚೌಕಟ್ಟಿನ ಗಾಡಿಯೊಂದನ್ನು ಕಟ್ಟಿದರು. ಅದು ಬೀಳದಂತೆ ಇಕ್ಕೆಲಗಳಲ್ಲಿಯೂ ಪುಟ್ಟ ಚಕ್ರಗಳಿದ್ದುವು. ನಡೆಯಲು ಕಲಿಯುವ ಮಗುವಿಗೆ ತಳ್ಳುಗಾಡಿಯನ್ನು ಕೊಡುವಂತೆ ಇದ್ದಿತು ಅದರ ಮೊದಲ ಹೆಜ್ಜೆ.

ನಮ್ಮ ದೇಶದಲ್ಲಿ ೧೯೫೫ರಲ್ಲಿ ಮದರಾಸಿನಲ್ಲಿ ಎನ್‌ಫೀಲ್ಡ್ ಕಂಪನಿಯು ಪ್ರಾರಂಭವಾಗಿ ಬುಲೆಟ್ ಗಾಡಿಯನ್ನು ಇಲ್ಲಿಯೇ ತಯಾರಿಸತೊಡಗಿತು. ನಮ್ಮ ಮೈಸೂರಿಗೂ ಈ ಚರಿತ್ರೆಯಲ್ಲಿ ಗೌರವದ ಸ್ಥಾನವುಂಟು. ೧೯೬೦ರಲ್ಲಿ ಸ್ಥಾಪಿತವಾದ ಐಡಿಯಲ್ ಜಾವಾ ಕಾರ್ಖಾನೆಯು ಯಾದವಗಿರಿಯಲ್ಲಿದ್ದು, ಚೆಕೊಸ್ಲೊವಾಕಿಯ ದೇಶದ ಜಾವಾ ಗಾಡಿಯನ್ನು ಮೊದಲು ಅದೇ ಹೆಸರಿನಲ್ಲಿಯೂ, ೧೯೭೩ರಿಂದೀಚೆಗೆ ಯೆಜ್ಡಿ ಎಂಬ ಹೆಸರಿನಲ್ಲಿಯೂ ತಯಾರಿಸಿತು. ೧೯೯೬ರಲ್ಲಿ ಆ ಕಾರ್ಖಾನೆ ಮುಚ್ಚಿಹೋಯಿತು. ಕಿಕ್ ಹೊಡೆಯುವ ಲಿವರೇ ಗೇರು ಬದಲಾಯಿಸುವ ಲಿವರೂ ಆಗಿದ್ದ ಆ ಗಾಡಿಯನ್ನು ಜತನದಿಂದ ಉಳಿಸಿಕೊಂಡಿರುವ ಮನೆಗಳು ಮೈಸೂರು ಬೆಂಗಳೂರುಗಳಲ್ಲಿ ಇಂದಿಗೂ ಇವೆ.

ಬುಲೆಟ್ಟಿನ ಸ್ವಭಾವವೇ ಬೇರೆ, ಜಾವಾದ ಸ್ವಭಾವವೇ ಬೇರೆ. ಒಂದು ಭಾರವಾದುದು, ನಿಧಾನವಾಗಿ ಎಣಿಸಿ ಎಣಿಸಿ ಬಡಿಯುವ ಎದೆಯುಳ್ಳದ್ದು. ಇನ್ನೊಂದು ಹಗುರ, ಚುರುಕು, ಟೂ ಸ್ಟ್ರೋಕ್ ಎಂಜಿನ್ನಿನದು, ಪೆಟ್ರೋಲಿನೊಡನೆ ಎಣ್ಣೆಯನ್ನೂ ಉರಿಸಿ ಹೊಗೆ ಬಿಡುವಂಥದು. ಆ ಕಾಲದಲ್ಲಿ ಆಯ್ಕೆಯು ಎರಡು ಮೂರು ಗಾಡಿಗಳೊಳಗೆ ಮುಗಿಯುತ್ತಿತ್ತು. ೧೯೮೫ರಲ್ಲಿ ಹೀರೋ ಹೋಂಡಾ ಕಂಪನಿಯು ನೂರು ಸಿ.ಸಿ.ಯ ಫೋರ್ ಸ್ಟ್ರೋಕ್ ಗಾಡಿಯನ್ನು ತಂದಮೇಲೆ ಗೃಹಸ್ಥನ ಪೆಟ್ರೋಲಿನ ಲೆಕ್ಕವೇ ಬದಲಾಯಿತು. ೨೦೦೧ರಲ್ಲಿ ಬಜಾಜ್ ಪಲ್ಸರ್ ಬಂದ ತರುವಾಯ ತರುಣರ ಆಸೆಯೂ ಬದಲಾಯಿತು. ಈಗ ಅಂಗಡಿಯಲ್ಲಿ ನಿಂತರೆ ಕಣ್ಣು ಕತ್ತಲಿಡುವಷ್ಟು ಬಗೆಗಳಿವೆ. ಹಿಂದೆ ಗಾಡಿ ಸಿಕ್ಕುವುದು ಕಷ್ಟವಾಗಿತ್ತು. ಇಂದು ಆರಿಸುವುದು ಕಷ್ಟವಾಗಿದೆ.

ಗಾಡಿಗಳ ಬಗೆಗಳು

ಹೆಸರುಗಳು ಎಷ್ಟೇ ಇದ್ದರೂ ಮೋಟಾರ್ ಸೈಕಲ್ಲುಗಳ ಸ್ವಭಾವವನ್ನು ಅರಿಯುವುದಕ್ಕೆ ಒಂದು ಸುಲಭವಾದ ಉಪಾಯವಿದೆ. ಕೈಯಿಡುವ ಹ್ಯಾಂಡಲ್ಲು, ಕುಳಿತುಕೊಳ್ಳುವ ಸೀಟು, ಕಾಲಿಡುವ ಫುಟ್‌ರೆಸ್ಟು, ಈ ಮೂರು ಬಿಂದುಗಳನ್ನು ಕೂಡಿಸಿ ಮನಸ್ಸಿನಲ್ಲಿ ಒಂದು ತ್ರಿಕೋನವನ್ನು ಎಳೆದುಕೊಳ್ಳಿರಿ. ಆ ತ್ರಿಕೋನದ ಆಕಾರವೇ ಗಾಡಿಯ ಜಾತಕ.

ಮೊದಲನೆಯದು ದಿನಬಳಕೆಯ ಗಾಡಿ. ನೂರರಿಂದ ನೂರಿಪ್ಪತ್ತೈದು ಸಿ.ಸಿ.ಯದು. ಇದರಲ್ಲಿ ಬೆನ್ನು ನೆಟ್ಟಗಿರುತ್ತದೆ, ಮೊಳಕಾಲು ಸಹಜವಾಗಿ ಮಡಿಯುತ್ತದೆ, ಸೀಟು ಉದ್ದವಾಗಿ ಇಬ್ಬರಿಗೆ ಸಾಲುತ್ತದೆ. ಪೇಟೆಯ ಸಂದಣಿಗೂ ಹಳ್ಳಿಯ ದಾರಿಗೂ ಒಗ್ಗುವಂಥದು. ಎರಡನೆಯದು ರಸ್ತೆಯ ಗಾಡಿ. ನೂರೈವತ್ತರಿಂದ ಇನ್ನೂರೈವತ್ತು ಸಿ.ಸಿ.ಯವರೆಗಿನ ಬಹಳ ಗಾಡಿಗಳು ಈ ವರ್ಗದವು. ಸವಾರನು ತುಸು ಮುಂದಕ್ಕೆ ಬಾಗಿರುತ್ತಾನೆ. ಪೇಟೆಯಲ್ಲಿಯೂ ಹೆದ್ದಾರಿಯಲ್ಲಿಯೂ ನಡೆಯುತ್ತದೆ. ಮೂರನೆಯದು ಸ್ಪೋರ್ಟ್ಸ್ ಗಾಡಿ. ಹ್ಯಾಂಡಲ್ಲು ಕೆಳಗೆ, ಫುಟ್‌ರೆಸ್ಟು ಹಿಂದೆ. ಸವಾರನು ಟ್ಯಾಂಕಿನ ಮೇಲೆ ಬಾಗಿ ಗಾಳಿಯನ್ನು ಸೀಳಿಕೊಂಡು ಹೋಗಬೇಕು. ವೇಗದಲ್ಲಿ ಗಾಳಿಯೇ ಎದೆಯನ್ನು ಎತ್ತಿ ಹಿಡಿಯುವುದರಿಂದ ಅಲ್ಲಿ ಸುಖ. ಆದರೆ ಬೆಂಗಳೂರಿನ ಸಿಲ್ಕ್ ಬೋರ್ಡ್ ಬಳಿಯ ಸಂದಣಿಯಲ್ಲಿ ಆಮೆಯ ನಡಿಗೆಯಲ್ಲಿ ಹೋಗುವಾಗ ಮೈಯ ಭಾರವೆಲ್ಲ ಮಣಿಕಟ್ಟಿನ ಮೇಲೆ ಬೀಳುತ್ತದೆ.

ನಾಲ್ಕನೆಯದು ಕ್ರೂಸರ್. ಸೀಟು ತಗ್ಗು, ಹ್ಯಾಂಡಲ್ಲು ಎತ್ತರ, ಕಾಲು ಮುಂದಕ್ಕೆ. ಆರಾಮ ಕುರ್ಚಿಯಲ್ಲಿ ಕುಳಿತಂತೆ. ನೇರವಾದ ದೂರದ ದಾರಿಗೆ ಸೊಗಸು. ಆದರೆ ಹಳ್ಳ ಬಂದಾಗ ಫುಟ್‌ರೆಸ್ಟಿನ ಮೇಲೆ ಎದ್ದು ನಿಲ್ಲಲು ಬರುವುದಿಲ್ಲವಾದುದರಿಂದ ಪೆಟ್ಟೆಲ್ಲ ನೇರವಾಗಿ ಬೆನ್ನುಮೂಳೆಗೆ. ಐದನೆಯದು ಅಡ್ವೆಂಚರ್ ಗಾಡಿ. ಎತ್ತರವಾದುದು, ಶಾಕ್ ಅಬ್ಸಾರ್ಬರುಗಳು ಉದ್ದವಾದುವು, ಮುಂದಿನ ಚಕ್ರ ದೊಡ್ಡದು. ಕಲ್ಲುದಾರಿ, ಕೆಸರು, ಕಿತ್ತುಹೋದ ಘಟ್ಟದ ರಸ್ತೆ ಇದಕ್ಕೆ ಲೀಲೆ. ಕುಳ್ಳಗಿನ ಸವಾರನಿಗೆ ಮಾತ್ರ ಹತ್ತುವುದೇ ಒಂದು ಸಾಹಸ. ಇವಲ್ಲದೆ ಗೇರಿಲ್ಲದ ಸ್ಕೂಟರುಗಳೂ, ಈಚೆಗೆ ವಿದ್ಯುತ್ತಿನ ಸ್ಕೂಟರುಗಳೂ ಬಂದಿವೆ. ಬೆಂಗಳೂರಿನ ಏಥರ್ ಕಂಪನಿಯು ೨೦೧೮ರಲ್ಲಿ ತನ್ನ ಮೊದಲ ವಿದ್ಯುತ್ ಸ್ಕೂಟರನ್ನು ಮಾರಾಟಕ್ಕೆ ತಂದಿತು. ದಿನದ ಓಡಾಟವು ಗೊತ್ತಾದ ಮಿತಿಯಲ್ಲಿದ್ದು, ರಾತ್ರಿ ಗಾಡಿ ನಿಲ್ಲಿಸುವ ಸ್ಥಳದಲ್ಲಿಯೇ ಚಾರ್ಜ್ ಮಾಡುವ ಅನುಕೂಲವಿದ್ದವರು ಇದನ್ನೂ ಆಲೋಚಿಸಬಹುದು. ಆ ಅನುಕೂಲವಿಲ್ಲದೆ ಮೇಲಂತಸ್ತಿನಲ್ಲಿ ಬಾಡಿಗೆಗಿರುವವರು ಮೊದಲು ಮನೆಯೊಡೆಯನನ್ನು ವಿಚಾರಿಸತಕ್ಕದ್ದು.

ಮುನ್ನೂರು ದಿನಗಳ ಲೆಕ್ಕ

ಗಾಡಿಯ ಸ್ವಭಾವವನ್ನು ಅರಿತಮೇಲೆ ತನ್ನ ಸ್ವಭಾವವನ್ನು ಅರಿಯಬೇಕು. ಇದೇ ಕಠಿಣವಾದ ಭಾಗ. ಏಕೆಂದರೆ ಪ್ರತಿಯೊಬ್ಬನ ಮನಸ್ಸಿನಲ್ಲಿಯೂ ಇಬ್ಬರು ಸವಾರರಿರುತ್ತಾರೆ. ಒಬ್ಬನು ಹಿಮಾಲಯದ ಕಣಿವೆಗಳಲ್ಲಿ ಒಂಟಿಯಾಗಿ ಸಂಚರಿಸುವವನು. ಇನ್ನೊಬ್ಬನು ಬೆಳಗ್ಗೆ ಒಂಬತ್ತಕ್ಕೆ ಊಟದ ಡಬ್ಬಿಯೊಡನೆ ಕಛೇರಿಗೆ ಹೊರಡುವವನು. ಗಾಡಿಯನ್ನು ಮೆಚ್ಚುವವನು ಮೊದಲನೆಯವನು, ಓಡಿಸುವವನು ಎರಡನೆಯವನು. ಕೊಳ್ಳುವ ದಿನ ಎರಡನೆಯವನನ್ನು ಮನೆಯಲ್ಲಿ ಬಿಟ್ಟು ಮೊದಲನೆಯವನನ್ನು ಮಾತ್ರ ಅಂಗಡಿಗೆ ಕರೆದುಕೊಂಡು ಹೋಗುವುದರಿಂದಲೇ ಅನೇಕ ಪಶ್ಚಾತ್ತಾಪಗಳು ಹುಟ್ಟುತ್ತವೆ.

ನನ್ನ ಶಿಷ್ಯನೊಬ್ಬನ ಸಂಗತಿಯನ್ನು ಇಲ್ಲಿ ಹೇಳಬಹುದು. ಅವನ ಊರು ಮಲೆನಾಡಿನಲ್ಲಿ; ಮನೆಯು ರಸ್ತೆಯಿಂದ ಮೇಲೆ, ಕಡಿದಾದ ಏರಿನ ತುದಿಯಲ್ಲಿ. ಅವನು ಸಂಬಳದ ಉಳಿತಾಯವನ್ನೆಲ್ಲ ಕೂಡಿಸಿ, ಉಳಿದುದಕ್ಕೆ ಸಾಲ ಮಾಡಿ, ಥಳಥಳಿಸುವ ಸ್ಪೋರ್ಟ್ಸ್ ಗಾಡಿಯೊಂದನ್ನು ತಂದನು. ಊರಿನ ಹುಡುಗರು ಸುತ್ತಲೂ ನಿಂತು ನೋಡಿದರು. ಆದರೆ ಹಿಂದಿನ ಸೀಟು ಅಂಗೈಯಗಲದ್ದು, ಎತ್ತರದಲ್ಲಿದ್ದುದು. ಮೊಳಕಾಲು ನೋವಿನ ತಂದೆಯು ಹತ್ತಲಾರದೆ ಹೋದರು, ಸೀರೆಯುಟ್ಟ ತಾಯಿಯು ಒಂದು ಸಲ ಕುಳಿತು ಇನ್ನೊಮ್ಮೆ ಕುಳಿತುಕೊಳ್ಳಲಿಲ್ಲ. ತಂದೆಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾದಾಗಲೆಲ್ಲ ಅವನು ಪಕ್ಕದ ಮನೆಯವರ ಸ್ಕೂಟರನ್ನು ಬೇಡಬೇಕಾಗುತ್ತಿತ್ತು. ಮಳೆಗಾಲ ಬಂದಮೇಲೆ ಜಾರುವ ಏರಿನಲ್ಲಿ ಆ ಗಾಡಿಯನ್ನು ಇಳಿಸುವುದೇ ಭಯವಾಗಿ, ಅದು ಕೊಟ್ಟಿಗೆಯಲ್ಲಿ ಹೊದಿಕೆ ಹೊದ್ದು ನಿಂತಿತು. ವರ್ಷ ತುಂಬುವುದರೊಳಗೆ ಅವನು ಅದನ್ನು ನಷ್ಟಕ್ಕೆ ಮಾರಿ ನೂರಿಪ್ಪತ್ತೈದು ಸಿ.ಸಿ.ಯ ಸಾಧಾರಣ ಗಾಡಿಯನ್ನು ಕೊಂಡನು. ಗಾಡಿಯಲ್ಲಿ ದೋಷವಿರಲಿಲ್ಲ, ಅವನ ಸವಾರಿಯಲ್ಲಿಯೂ ದೋಷವಿರಲಿಲ್ಲ. ಒಂದಕ್ಕೊಂದು ಹೊಂದಿಕೆಯಿರಲಿಲ್ಲ, ಅಷ್ಟೆ.

ಇಂಥ ಸಂಕಟವನ್ನು ತಪ್ಪಿಸುವುದಕ್ಕೆ, ಗಾಡಿಯನ್ನು ಕೊಳ್ಳಬೇಕೆಂದಿರುವವರು ಹದಿನೈದು ದಿನಗಳ ಕಾಲ ಒಂದು ಪುಸ್ತಕದಲ್ಲಿ ತಮ್ಮ ಓಡಾಟವನ್ನು ಬರೆದಿಡುವುದು ಒಳ್ಳೆಯದು. ಬಸ್ಸಿನಲ್ಲಿ ಹೋದರೂ ಸರಿಯೆ, ಹಳೆಯ ಗಾಡಿಯಲ್ಲಿ ಹೋದರೂ ಸರಿಯೆ. ಈ ದಿನ ಎಷ್ಟು ಕಿಲೋಮೀಟರು? ಯಾವ ರಸ್ತೆ, ಡಾಂಬರೋ, ಮಣ್ಣೋ, ಘಟ್ಟವೋ? ಒಬ್ಬನೇ ಹೋದುದೋ, ಹಿಂದೆ ಯಾರನ್ನಾದರೂ ಕೂರಿಸಿಕೊಳ್ಳಬೇಕಾಗಿತ್ತೋ? ಹೊರೆಯೇನಾದರೂ ಇತ್ತೋ, ಅಕ್ಕಿಯ ಚೀಲವೋ, ಹಾಲಿನ ಕ್ಯಾನೋ, ಮಗುವಿನ ಶಾಲೆಯ ಚೀಲವೋ? ಹಗಲೋ, ರಾತ್ರಿಯೋ? ಹದಿನೈದು ದಿನ ಕಳೆದು ಪುಸ್ತಕವನ್ನು ತೆರೆದು ನೋಡಿದರೆ ತಾನು ಎಂಥ ಸವಾರನೆಂಬುದು ತನಗೇ ಸ್ಪಷ್ಟವಾಗುತ್ತದೆ. ವರ್ಷದ ಮುನ್ನೂರು ದಿನಗಳ ಕೆಲಸಕ್ಕೆ ಒದಗುವ ಗಾಡಿಯನ್ನು ಕೊಳ್ಳಬೇಕು. ಮೂರು ದಿನಗಳ ಪ್ರವಾಸಕ್ಕಾಗಿ ಅಲ್ಲ. ಆ ಮೂರು ದಿನಗಳಿಗೆ ಬೆಂಗಳೂರಿನಂಥ ಊರುಗಳಲ್ಲಿ ದೊಡ್ಡ ಗಾಡಿಗಳು ಬಾಡಿಗೆಗೆ ದೊರೆಯುತ್ತವೆ.

ಹಾಗೆಂದ ಮಾತ್ರಕ್ಕೆ ಎಲ್ಲರೂ ನೂರು ಸಿ.ಸಿ.ಯ ಗಾಡಿಯನ್ನೇ ಕೊಳ್ಳಬೇಕೆಂಬ ಅಭಿಪ್ರಾಯವಲ್ಲ. ವಾರವಾರವೂ ಚಾರ್ಮಾಡಿ ಘಟ್ಟವನ್ನು ಹತ್ತಿಳಿಯುವ ವರ್ತಕನಿಗೆ, ಹಿಂದೆ ಒಬ್ಬರನ್ನು ಕೂರಿಸಿಕೊಂಡು ಏರನ್ನು ಹತ್ತುವಾಗ ಎಂಜಿನ್ನಿನಲ್ಲಿ ಶಕ್ತಿ ಉಳಿದಿರಬೇಕು. ಪ್ರತಿದಿನವೂ ತುಮಕೂರಿನ ಹೆದ್ದಾರಿಯಲ್ಲಿ ಲಾರಿಗಳ ನಡುವೆ ಹೋಗುವವನಿಗೆ ಚಿಕ್ಕ ಎಂಜಿನ್ನಿನ ಕೊನೆಯ ಉಸಿರನ್ನು ಹಿಂಡಿ ಓಡಿಸುವುದು ಕ್ಷೇಮವಲ್ಲ. ಅವರಿಗೆ ದೊಡ್ಡ ಗಾಡಿಯೇ ಉಚಿತವಾದುದು.

ಮೈಯ ಅಳತೆ, ಗಾಡಿಯ ಅಳತೆ

ಬಟ್ಟೆಯನ್ನು ಕೊಳ್ಳುವಾಗ ಅಳತೆ ನೋಡುವ ನಾವು ಗಾಡಿಯನ್ನು ಕೊಳ್ಳುವಾಗ ನೋಡುವುದಿಲ್ಲ. ಸೀಟಿನ ಮೇಲೆ ಕುಳಿತಾಗ ಎರಡು ಪಾದಗಳೂ, ಕನಿಷ್ಠ ಪಕ್ಷ ಅವುಗಳ ಮುಂಭಾಗವಾದರೂ, ನೆಲವನ್ನು ಭದ್ರವಾಗಿ ಮುಟ್ಟಬೇಕು. ಬಜಾಜ್ ಅವೆಂಜರ್ ಕ್ರೂಸರಿನ ಸೀಟು ನೆಲದಿಂದ ೭೩೭ ಮಿಲಿಮೀಟರು ಎತ್ತರ. ಹೀರೋ ಸ್ಪ್ಲೆಂಡರಿನದು ೭೮೫. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ ೩೫೦ರದು ೮೦೫. ಅಡ್ವೆಂಚರ್ ಗಾಡಿಗಳದು ಇವಕ್ಕಿಂತ ಹೆಚ್ಚು. ಕಾಗದದ ಮೇಲೆ ಇದು ಮೂರು ನಾಲ್ಕು ಬೆರಳಿನ ವ್ಯತ್ಯಾಸ. ಇಳಿಜಾರಿನ ಸಿಗ್ನಲ್ಲಿನಲ್ಲಿ ಹಿಂದೆ ಹೆಂಡತಿಯನ್ನೂ ಮಗುವನ್ನೂ ಕೂರಿಸಿಕೊಂಡು ನಿಲ್ಲುವಾಗ ಅದೇ ಬೀಳುವುದಕ್ಕೂ ನಿಲ್ಲುವುದಕ್ಕೂ ಇರುವ ವ್ಯತ್ಯಾಸ.

ಭಾರದ ವಿಷಯವೂ ಹಾಗೆಯೇ. ಸ್ಪ್ಲೆಂಡರ್ ಸುಮಾರು ೧೧೨ ಕಿಲೋಗ್ರಾಂ ತೂಗಿದರೆ ಕ್ಲಾಸಿಕ್ ೩೫೦ ಸುಮಾರು ೧೯೫ ಕಿಲೋಗ್ರಾಂ ತೂಗುತ್ತದೆ. ಓಡುತ್ತಿರುವಾಗ ಭಾರವು ಗೊತ್ತಾಗುವುದಿಲ್ಲ; ಗಾಡಿ ಸ್ಥಿರವಾಗಿದೆಯೆಂದು ಹಿತವಾಗಿಯೇ ತೋರುತ್ತದೆ. ಗೊತ್ತಾಗುವುದು ನಿಂತಾಗ: ಸಾಲಾಗಿ ನಿಲ್ಲಿಸಿದ ಗಾಡಿಗಳ ನಡುವಿನಿಂದ ಹಿಂದಕ್ಕೆ ಎಳೆಯುವಾಗ, ಗೇಟಿನ ಮೆಟ್ಟಿಲನ್ನು ಹತ್ತಿಸುವಾಗ, ಪಂಕ್ಚರಾಗಿ ಒಂದು ಮೈಲಿ ತಳ್ಳುವಾಗ. ಆದುದರಿಂದ ಅಂಗಡಿಯಲ್ಲಿ ಓಡಿಸಿ ನೋಡುವುದಕ್ಕೆ ಮೊದಲು ಎಂಜಿನ್ನನ್ನು ನಿಲ್ಲಿಸಿ ಹತ್ತು ಹೆಜ್ಜೆ ಹಿಂದಕ್ಕೂ ಮುಂದಕ್ಕೂ ತಳ್ಳಿ ನೋಡಬೇಕು. ಕ್ಲಚ್ಚನ್ನು ಹತ್ತಿಪ್ಪತ್ತು ಸಲ ಒತ್ತಿ ನೋಡಬೇಕು. ಬೆರಳು ಚಿಕ್ಕದಾಗಿರುವವರಿಗೆ, ವಿಶೇಷವಾಗಿ ಹೆಣ್ಣುಮಕ್ಕಳಿಗೆ, ಇದು ಮುಖ್ಯವಾದ ಪರೀಕ್ಷೆ.

ಹಿಂದೆ ಕುಳಿತುಕೊಳ್ಳುವವರನ್ನು ಅಂಗಡಿಗೆ ಕರೆದುಕೊಂಡು ಹೋಗುವವರು ಅಪರೂಪ. ಹೆಂಡತಿಯೋ ತಾಯಿಯೋ ದಿನವೂ ಕುಳಿತುಕೊಳ್ಳುವುದಾದರೆ ಅವರ ಒಪ್ಪಿಗೆಯಿಲ್ಲದೆ ಮುಂಗಡವನ್ನು ಕೊಡತಕ್ಕದ್ದಲ್ಲ. ಹಿಂಬದಿಯವರಿಗೆ ಹಿಡಿದುಕೊಳ್ಳಲು ಹಿಡಿ, ಕಾಲಿಡಲು ಫುಟ್‌ರೆಸ್ಟು, ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರಕ್ಕೆ ಮರೆ, ಈ ಮೂರನ್ನೂ ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳೇ ವಿಧಿಸಿವೆ. ಅಂದಕ್ಕೆ ಅಡ್ಡಿಯೆಂದು ಸ್ಯಾರಿ ಗಾರ್ಡನ್ನು ಬಿಚ್ಚಿಸಿಹಾಕುವ ತರುಣರುಂಟು. ಸೀರೆಯ ಸೆರಗು ಅಥವಾ ದುಪ್ಪಟ್ಟವು ಚಕ್ರಕ್ಕೆ ಸುತ್ತಿಕೊಂಡರೆ ಏನಾಗುವುದೆಂಬುದನ್ನು ಅವರು ಒಂದು ಕ್ಷಣ ಆಲೋಚಿಸಿದರೆ ಸಾಕು.

ಶಕ್ತಿ ಮತ್ತು ವೇಗ

ಸಿ.ಸಿ. ಹೆಚ್ಚಿದಷ್ಟೂ ಗಾಡಿ ವೇಗದ್ದೆಂಬ ನಂಬಿಕೆಯು ಸಾಮಾನ್ಯವಾಗಿದೆ. ಇದು ಅರ್ಧ ಸತ್ಯ. ಎಂಜಿನ್ನಿನಲ್ಲಿ ಎಳೆಯುವ ಬಲವೆಂಬುದೊಂದು, ಓಡುವ ಬಲವೆಂಬುದೊಂದು. ಮೊದಲನೆಯದನ್ನು ಟಾರ್ಕ್ ಎಂದೂ ಎರಡನೆಯದನ್ನು ಪವರ್ ಎಂದೂ ಕರೆಯುತ್ತಾರೆ. ಜಾತ್ರೆಯಲ್ಲಿ ಎತ್ತನ್ನು ಕೊಳ್ಳುವ ರೈತನಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೊರೆ ಎಳೆಯುವ ಎತ್ತು ಬೇರೆ, ಓಟಕ್ಕೆ ನಿಲ್ಲಿಸುವ ಎತ್ತು ಬೇರೆ ಎಂಬುದನ್ನು ಅವನು ಬಲ್ಲನು. ೩೫೦ ಸಿ.ಸಿ.ಯ ಬುಲೆಟ್ಟು ನಿಧಾನವಾದ ವೇಗದಲ್ಲಿಯೇ ಗಟ್ಟಿಯಾಗಿ ಎಳೆಯುತ್ತದೆ. ಅದಕ್ಕಿಂತ ಚಿಕ್ಕದಾದ ಸ್ಪೋರ್ಟ್ಸ್ ಎಂಜಿನ್ನು ವೇಗವಾಗಿ ತಿರುಗಿದ ಮೇಲೆಯೇ ತನ್ನ ಬಲವನ್ನು ತೋರಿಸಿ ಅದನ್ನು ಹಿಂದೆ ಹಾಕುತ್ತದೆ. ಶಾಂತವಾಗಿ, ಗೇರನ್ನು ಮೇಲಿಂದ ಮೇಲೆ ಬದಲಾಯಿಸದೆ ಹೋಗುವ ಸ್ವಭಾವದವನಿಗೆ ಎಳೆಯುವ ಬಲವು ಹೆಚ್ಚಾಗಿರುವ ಗಾಡಿ ಹಿತ. ಚುರುಕಾಗಿ ಗೇರು ಹಾಕುತ್ತಾ ಎಂಜಿನ್ನಿನ ಲಯವನ್ನು ಆಡಿಸುವುದರಲ್ಲಿ ಸಂತೋಷ ಪಡುವವನಿಗೆ ಎರಡನೆಯದು ಹಿತ. ಸವಾರಿಯ ಶೈಲಿಯೆಂದರೆ ಮುಖ್ಯವಾಗಿ ಇದೇ.

ವೇಗವನ್ನು ಕುರಿತು ಮಾತ್ರ ಒಂದು ಗಣಿತವನ್ನು ಪ್ರತಿಯೊಬ್ಬನೂ ಮನಸ್ಸಿನಲ್ಲಿಡಬೇಕು. ವೇಗವು ಎರಡರಷ್ಟಾದರೆ ಬ್ರೇಕು ಹಾಕಿ ನಿಲ್ಲಿಸಲು ಬೇಕಾಗುವ ದೂರವು ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ೪೦ ಕಿಲೋಮೀಟರು ವೇಗದಲ್ಲಿ ಹತ್ತು ಮೀಟರಿನಲ್ಲಿ ನಿಲ್ಲುವ ಗಾಡಿಗೆ ೮೦ರ ವೇಗದಲ್ಲಿ ನಲವತ್ತು ಮೀಟರು ಬೇಕು. ಇದಲ್ಲದೆ ಕಣ್ಣು ಕಂಡು ಕೈ ಬ್ರೇಕನ್ನು ಹಿಡಿಯುವುದಕ್ಕೆ ಒಂದು ಸೆಕೆಂಡು ಹಿಡಿದರೂ ೬೦ರ ವೇಗದಲ್ಲಿ ಗಾಡಿಯು ಹದಿನಾರು ಮೀಟರಿಗಿಂತ ಹೆಚ್ಚು ಮುಂದೆ ಹೋಗಿರುತ್ತದೆ. ಆದುದರಿಂದ ಗಾಡಿ ಎಷ್ಟು ಬೇಗ ಓಡುತ್ತದೆಂದು ಕೇಳುವವನು, ಎಷ್ಟು ಚೆನ್ನಾಗಿ ನಿಲ್ಲುತ್ತದೆಂಬುದನ್ನೂ ಕೇಳಲೇಬೇಕು. ೨೦೧೯ನೆಯ ಏಪ್ರಿಲಿನಿಂದ ೧೨೫ ಸಿ.ಸಿ.ಗೆ ಮೇಲ್ಪಟ್ಟ ಹೊಸ ಗಾಡಿಗಳಿಗೆ ಎ.ಬಿ.ಎಸ್. ಎಂಬ ಬ್ರೇಕಿನ ವ್ಯವಸ್ಥೆಯನ್ನು ಕಡ್ಡಾಯ ಮಾಡಲಾಯಿತು. ಗಾಬರಿಯಲ್ಲಿ ಬ್ರೇಕನ್ನು ಗಟ್ಟಿಯಾಗಿ ಹಿಡಿದರೂ ಚಕ್ರವು ಪೂರ್ತಿ ಸಿಕ್ಕಿಕೊಂಡು ಜಾರದಂತೆ ಇದು ತಡೆಯುತ್ತದೆ. ಮಳೆನಾಡಿನಲ್ಲಿರುವವರು ನಾಲ್ಕು ಸಾವಿರ ಹೆಚ್ಚಾದರೂ ಇದಿರುವ ಗಾಡಿಯನ್ನೇ ನೋಡುವುದು ವಿವೇಕ. ಹೊಸದಾಗಿ ಕಲಿತವನು ಮೊದಲ ಎರಡು ವರ್ಷ ಚಿಕ್ಕ ಗಾಡಿಯಲ್ಲಿ ಪಳಗಿ ಆಮೇಲೆ ದೊಡ್ಡದಕ್ಕೆ ಹೋಗುವುದು ಇನ್ನೂ ದೊಡ್ಡ ವಿವೇಕ. ವರ್ಣಮಾಲೆಯನ್ನು ಕಲಿಯದೆ ಯಾರೂ ಕಾವ್ಯಪಾಠಕ್ಕೆ ಕುಳಿತುಕೊಳ್ಳುವುದಿಲ್ಲವಷ್ಟೆ.

ಆಯವ್ಯಯ

ಬೆಲೆಯೆಂದರೆ ಅಂಗಡಿಯಲ್ಲಿ ಕೊಡುವ ಹಣವೊಂದೇ ಅಲ್ಲ. ದಿನಕ್ಕೆ ೪೦ ಕಿಲೋಮೀಟರಿನಂತೆ ತಿಂಗಳಿಗೆ ೨೫ ದಿನ ಓಡಿದರೆ ಸಾವಿರ ಕಿಲೋಮೀಟರಾಯಿತು. ಲೀಟರಿಗೆ ೬೦ ಕಿಲೋಮೀಟರು ಕೊಡುವ ಗಾಡಿಗೆ ಸುಮಾರು ೧೭ ಲೀಟರು ಬೇಕು; ೩೦ ಕೊಡುವ ಗಾಡಿಗೆ ಸುಮಾರು ೩೩ ಲೀಟರು. ಲೆಕ್ಕದ ಸುಲಭಕ್ಕಾಗಿ ಪೆಟ್ರೋಲು ಲೀಟರಿಗೆ ನೂರು ರೂಪಾಯಿಯೆಂದಿಟ್ಟುಕೊಂಡರೆ ತಿಂಗಳಿಗೆ ಸಾವಿರದ ಆರುನೂರು ರೂಪಾಯಿಗಿಂತ ಹೆಚ್ಚು, ವರ್ಷಕ್ಕೆ ಹತ್ತಿರ ಹತ್ತಿರ ಇಪ್ಪತ್ತು ಸಾವಿರ ರೂಪಾಯಿ ವ್ಯತ್ಯಾಸ. ಇದು ಅನೇಕ ಮನೆಗಳಲ್ಲಿ ಒಂದು ಮಗುವಿನ ವಿದ್ಯಾಭ್ಯಾಸದ ವೆಚ್ಚ. ಇದರ ಮೇಲೆ ಸಾಲದ ಕಂತು, ಬಡ್ಡಿ, ಸರ್ವೀಸು, ಟೈರು, ಚೈನು. ೨೦೧೮ರ ಸೆಪ್ಟೆಂಬರಿನಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಮೂರನೆಯವರ ವಿಮೆಯನ್ನು ಮೊದಲೇ ಕಟ್ಟಬೇಕಾಗಿರುವುದರಿಂದ ಆ ಮೊತ್ತವನ್ನೂ ಬೆಲೆಯಲ್ಲಿಯೇ ಸೇರಿಸಿಕೊಳ್ಳಬೇಕು. ನಮ್ಮೂರಿನ ಮೆಕ್ಯಾನಿಕ್ಕು ಆ ಗಾಡಿಯನ್ನು ಬಲ್ಲನೇ, ಬಿಡಿಭಾಗಗಳು ಎಷ್ಟು ದೂರದಲ್ಲಿ ದೊರೆಯುತ್ತವೆ ಎಂಬುದನ್ನೂ ವಿಚಾರಿಸಬೇಕು.

ಹಳೆಯ ಗಾಡಿಯನ್ನು ಕೊಳ್ಳುವವರು ಆರ್.ಸಿ. ಪುಸ್ತಕದಲ್ಲಿರುವ ಎಂಜಿನ್ ಸಂಖ್ಯೆ ಮತ್ತು ಚಾಸಿಸ್ ಸಂಖ್ಯೆಗಳನ್ನು ಗಾಡಿಯ ಮೇಲಿರುವ ಸಂಖ್ಯೆಗಳೊಡನೆ ತಾವೇ ಹೋಲಿಸಿ ನೋಡಬೇಕು. ಮುಂದಿನ ಫೋರ್ಕಿನಲ್ಲಿ ಎಣ್ಣೆ ಸೋರಿದೆಯೇ ಎಂದು ಒರೆಸಿ ನೋಡಬೇಕು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. ಮೊದಲೆರಡು ವಾರವನ್ನೂ ಕಡೆಯೆರಡು ವರ್ಷವನ್ನೂ ಸೂಚಿಸುತ್ತವೆ. ೨೩೧೯ ಎಂದಿದ್ದರೆ ಅದು ೨೦೧೯ನೆಯ ವರ್ಷದ ಇಪ್ಪತ್ತಮೂರನೆಯ ವಾರದಲ್ಲಿ ತಯಾರಾದುದು. ಹಳೆಯ ಕಾಲದ ಬುಲೆಟ್ಟಿನ ಆಸೆಯುಳ್ಳವರು ಒಂದನ್ನು ನೆನಪಿಡಬೇಕು: ಅವುಗಳಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಇಂದಿನ ಗಾಡಿಗೆ ಒಗ್ಗಿದ ಕಾಲು ಆಪತ್ತಿನ ಸಮಯದಲ್ಲಿ ಬ್ರೇಕೆಂದು ಗೇರನ್ನು ತುಳಿದೀತು.

ಅಭಿರುಚಿ

ಇಷ್ಟೆಲ್ಲ ಲೆಕ್ಕ ಹೇಳಿದ ಮೇಲೆ ರುಚಿಗೆ ಸ್ಥಳವೆಲ್ಲಿ ಎಂದು ತರುಣರು ಕೇಳಬಹುದು. ರುಚಿಗೆ ಸ್ಥಳವುಂಟು, ಉತ್ತಮವಾದ ಸ್ಥಳವೇ ಉಂಟು. ಮನಸ್ಸಿಗೆ ಒಪ್ಪಿದ ಗಾಡಿಯನ್ನು ಮನುಷ್ಯನು ತೊಳೆದು ಒರೆಸಿ, ಕಾಲಕಾಲಕ್ಕೆ ಎಣ್ಣೆ ಬದಲಾಯಿಸಿ, ಚೈನು ಬಿಗಿಯಾಗಿದೆಯೇ ಎಂದು ನೋಡಿಕೊಳ್ಳುತ್ತಾನೆ. ಒಲ್ಲದ ಗಾಡಿಯನ್ನು ಮಳೆಯಲ್ಲಿ ನೆನೆಯಲು ಬಿಡುತ್ತಾನೆ. ತನ್ನ ಗಾಡಿಯನ್ನು ಪ್ರೀತಿಸುವವನ ಗಾಡಿಯು ಬಾಳುತ್ತದೆ, ನಂಬಿಕೆಯುಳ್ಳದ್ದಾಗಿಯೂ ಇರುತ್ತದೆ. ಆದುದರಿಂದ ಬಣ್ಣ, ರೂಪ, ಧ್ವನಿ ಇವನ್ನು ಹಿರಿಯರು ಹಾಸ್ಯ ಮಾಡಬಾರದು.

ಕಾಶ್ಮೀರದಲ್ಲಿ ಹನ್ನೊಂದನೆಯ ಶತಮಾನದಲ್ಲಿದ್ದ ಕ್ಷೇಮೇಂದ್ರನು ಕಾವ್ಯಕ್ಕೆ ಔಚಿತ್ಯವೇ ಜೀವವೆಂದು ಪ್ರತಿಪಾದಿಸಿದನು. ಅಲಂಕಾರವೆಷ್ಟಿದ್ದರೂ ತಕ್ಕ ಸ್ಥಳದಲ್ಲಿಲ್ಲದಿದ್ದರೆ ಶೋಭಿಸದು. ಮೋಟಾರ್ ಸೈಕಲ್ಲಿಗೂ ಇದೇ ಮಾತು ಸಲ್ಲುತ್ತದೆ. ಮೊದಲು ದಾರಿ, ಮೈ, ಮನೆ, ಹಣ ಈ ನಾಲ್ಕಕ್ಕೂ ಒಪ್ಪುವ ಮೂರು ನಾಲ್ಕು ಗಾಡಿಗಳನ್ನು ಬೇರೆ ಮಾಡಿಕೊಳ್ಳಿರಿ. ಇದು ತಂದೆತಾಯಿಗಳೂ ಸೇರಿ ಮಾಡುವ ಕೆಲಸ. ಆಮೇಲೆ ಆ ಮೂರು ನಾಲ್ಕರಲ್ಲಿ ಯಾವುದೆಂಬುದನ್ನು ಓಡಿಸುವವನ ಮನಸ್ಸಿಗೇ ಬಿಟ್ಟುಬಿಡಿರಿ. ಒಂದೇ ದಿನ ನೋಡಿ ಮರುಳಾಗದೆ, ಮೂರು ಸಲ ಹೋಗಿ ನೋಡಿ, ಮೂರನೆಯ ಸಲವೂ ಅದೇ ಸಂತೋಷವಾದರೆ ಅದು ಚಾಪಲ್ಯವಲ್ಲ, ಅಭಿರುಚಿ. ಆದರೆ ಕೊಂಡ ಗಾಡಿಯ ಸೈಲೆನ್ಸರನ್ನು ತೆಗೆಸಿ ಬೀದಿಯ ರೋಗಿಗಳನ್ನೂ ಮಲಗಿದ ಶಿಶುಗಳನ್ನೂ ಬೆಚ್ಚಿಬೀಳಿಸುವುದು ಅಭಿರುಚಿಯಲ್ಲ, ಪರಪೀಡೆ.

ಕಡೆಯದಾಗಿ ಹಿರಿಯರಲ್ಲಿ ಒಂದು ವಿಜ್ಞಾಪನೆ. ಹದಿನೆಂಟು ತುಂಬದ ಮಗನ ಕೈಗೆ ಪ್ರೀತಿಯಿಂದ ಗೇರಿನ ಗಾಡಿಯ ಬೀಗದ ಕೈಯನ್ನು ಕೊಡಬೇಡಿರಿ. ೨೦೧೯ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯಂತೆ, ಅಪ್ರಾಪ್ತವಯಸ್ಕನು ಮಾಡಿದ ಇಂಥ ಅಪರಾಧಕ್ಕೆ ಅವನ ಪಾಲಕರು ಅಥವಾ ಗಾಡಿಯ ಒಡೆಯರು ಮೂರು ವರ್ಷದವರೆಗೆ ಸೆರೆವಾಸಕ್ಕೂ ೨೫,೦೦೦ ರೂಪಾಯಿ ದಂಡಕ್ಕೂ ಗುರಿಯಾಗುತ್ತಾರೆ. ಗಾಡಿಯ ನೋಂದಣಿಯು ಹನ್ನೆರಡು ತಿಂಗಳು ರದ್ದಾಗುತ್ತದೆ. ಕಾಯಿದೆಯ ಭ��ವು ಹಾಗಿರಲಿ. ದಂಡವನ್ನು ಕಟ್ಟಬಹುದು, ಮಗನನ್ನು ಮರಳಿ ತರಲಾಗದು. ಗಾಡಿಗೆ ಹಣವನ್ನು ಗೊತ್ತುಮಾಡುವ ದಿನವೇ ಐ.ಎಸ್.ಐ. ಗುರುತುಳ್ಳ ಎರಡು ಹೆಲ್ಮೆಟ್ಟುಗಳ ಬೆಲೆಯನ್ನು ಅದರಲ್ಲಿ ಸೇರಿಸಿರಿ: ಒಂದು ಮುಂದಿನವರಿಗೆ, ಒಂದು ಹಿಂದಿನವರಿಗೆ. ಗಲ್ಲದ ಪಟ್ಟಿಯನ್ನು ಬಿಗಿಯದ ಹೆಲ್ಮೆಟ್ಟು ತಲೆಯ ಮೇಲಿನ ಬುಟ್ಟಿಗೆ ಸಮಾನ.

ಹೀಗೆ ಆಲೋಚಿಸಿ ಕೊಂಡ ಗಾಡಿಯು ಬೀದಿಯವರ ಕಣ್ಣನ್ನು ಸೆಳೆಯದೆ ಹೋಗಬಹುದು. ಆದರೆ ಮಗನಿಗೆ ಅದರಲ್ಲಿ ಸಂತೋಷವಿರುತ್ತದೆ, ತಂದೆಗೆ ತಿಂಗಳ ಕೊನೆಯಲ್ಲಿ ನಿಶ್ಚಿಂತೆಯಿರುತ್ತದೆ, ಸಂಜೆ ದೀಪ ಹಚ್ಚುವ ಹೊತ್ತಿಗೆ ಗೇಟಿನ ಬಳಿ ಆ ಪರಿಚಿತವಾದ ಸದ್ದನ್ನು ಕೇಳಿ ತಾಯಿಯು ಅಡಿಗೆಮನೆಯಲ್ಲಿ ಕಾಫಿಗೆ ನೀರಿಡುತ್ತಾಳೆ. ಗಾಡಿಯಿಂದ ಮನೆಗೆ ಆಗಬೇಕಾದ ಪ್ರಯೋಜನ ಇದಕ್ಕಿಂತ ಬೇರೆ ಏನಿದೆ?